ಎರಡು ಚಳಿಗಾಲ, ಮೂವತ್ತು ವರ್ಷ

ನಮ್ಮ ಸಂಬಂಧದಲ್ಲಿ ಇಬ್ಬರು ಬೌಲರ್‌ಗಳಿದ್ದಾರೆ. ಒಬ್ಬ ನನ್ನ ಒಡಹುಟ್ಟಿದ ತಮ್ಮ. ವಾಡಿಯಲ್ಲಿ ರೈಲ್ವೆ ಹಳಿಯ ಕೆಲಸ ಮಾಡಿ ಈಗ ಪಿಂಚಣಿಯ ಮೇಲೆ ಇದ್ದಾನೆ. ಇನ್ನೊಬ್ಬರು ನನ್ನ ಬೀಗರು, ಮಗಳ ಮಾವ. ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಅವರದು ಕಿರಾಣಿ ಅಂಗಡಿ. ತಮ್ಮ ಮೂವತ್ತು ವರ್ಷ ಬಾಲ್ ಹಾಕಿದ. ಬೀಗರು ಎರಡೇ ಚಳಿಗಾಲ ಹಾಕಿದರು. ಇಬ್ಬರಲ್ಲಿ ದೊಡ್ಡ ಬೌಲರ್ ಯಾರು ಎನ್ನುವ ವಾದ ಮಗಳ ಮದುವೆಯ ಚಪ್ಪರದಲ್ಲಿ ಶುರುವಾಗಿ, ಆಕೆಯ ಮಗಳು ಕಾಲೇಜಿಗೆ ಹೋಗುವವರೆಗೂ ನಡೆಯಿತು. ಹೋದ ಚಳಿಗಾಲ ಅದು ನಿಂತಿತು. ನಿಲ್ಲಿಸಿದವಳು ನಾನು. ಗೆದ್ದು ನಿಲ್ಲಿಸಿದ್ದಲ್ಲ.

ನಾನು ಮೂರನೆಯ ಇಯತ್ತೆ ಓದಿದವಳು. ಹುಟ್ಟಿದ್ದು ಶಹಾಬಾದಿನ ಕಲ್ಲಿನ ಗಣಿಯ ಪಕ್ಕ, ಮದುವೆ ಮಾಡಿ ಕೊಟ್ಟದ್ದು ಕುರಕುಂಟಾಕ್ಕೆ. ಕ್ರಿಕೆಟ್ಟಿನ ಕಾಯಿದೆ ಕಾನೂನು ನನಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಆದರೆ ತೊಗರಿ ರಾಶಿಯ ಹೊತ್ತಿಗೆ ನಮ್ಮ ಕಡೆ ಊರೂರಿಗೆ ಟೆನಿಸ್ ಬಾಲಿನ ಪಂದ್ಯಗಳು ಶುರುವಾಗುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಎಲ್ಲಿ ಹೋದರೂ ಮೈದಾನದಲ್ಲಿ ಮೈಕು ಒದರುತ್ತಿರುತ್ತದೆ. ಅದನ್ನು ಕೇಳುತ್ತಲೇ ಮುದುಕಿಯಾದವಳಿಗೆ ಯಾರ ಕೈಯಲ್ಲಿ ಎಷ್ಟು ದಮ್ಮಿದೆ ಎಂದು ತಿಳಿಯದೆ ಇರುವುದಿಲ್ಲ.

ಅಳಿಯನ ವಾದ ಒಂದೇ.

“ಅತ್ತಿ, ಆ ಎರಡು ಚಳಿಗಾಲದಾಗ ನಮ್ಮಪ್ಪನ ಬಾಲ್ ಯಾರಿಗರ ಕಂಡದೇನು ಹೇಳ್ರಿ. ಕಂಡ್ರ ತಾನೇ ಹೊಡ್ಯಾದು?”

ನಾನು ಬಿಡುತ್ತಿರಲಿಲ್ಲ. “ಎರಡು ದಿನ ಬಂದು ಮನಿ ತುಂಬ ಗದ್ದಲ ಮಾಡಿ ಹೋಗಾಂವ ನೆಂಟ. ದಿನಾ ನೀರು ತುಂಬಾಂವ ಮನಿ ಮಗ. ಇಬ್ಬರಾಗ ಯಾರು ದೊಡ್ಡಾಂವ ನೀನೇ ಹೇಳು.”

“ಮಾಮಾ ನೀರು ತುಂಬ್ಯಾನ, ಖರೆ ಅದ. ಅವನ ಬಾಲಿಗಿ ಮಂದಿ ಕೈಕಾಲು ತೊಳ್ಕೊಂಡಾರ.”

ಹೀಗೆ. ಯಾರೂ ಸೋಲುತ್ತಿರಲಿಲ್ಲ, ಯಾರೂ ಗೆಲ್ಲುತ್ತಿರಲಿಲ್ಲ. ತಮ್ಮ ಇಂಥ ಹೊತ್ತಿನಲ್ಲಿ ಎದ್ದು ಹೊರಗೆ ಹೋಗುತ್ತಿದ್ದ. ಬೀಗರು ಮಾತ್ರ ಕೂತು ಕೇಳುತ್ತಿದ್ದರು, ನಗುತ್ತಿದ್ದರು. ಅವರಿಗೂ ನನಗೂ ಬೇರೆಯದೇ ಲೆಕ್ಕ ಇತ್ತು. ಬೀಗರು ಬೀಗರನ್ನು ಕಾಡಿಸುವುದು ನಮ್ಮ ಕಡೆಯ ಪದ್ಧತಿ. ಹೆಚ್ಚಿನವರು ಮದುವೆಯ ನಾಲ್ಕು ದಿನ ಕಾಡಿಸಿ ಆಮೇಲೆ “ಅರಾಮ ಇದ್ದೀರೇನ್ರಿ” ಎನ್ನುವುದಕ್ಕೆ ಇಳಿಯುತ್ತಾರೆ. ನಾವು ಇಳಿಯಲಿಲ್ಲ. ನಾನು ಚಂದಾಪುರದ ಹೊಸ್ತಿಲಿಗೆ ಕಾಲಿಡುವುದೇ ತಡ, ಅವರು ಅಂಗಡಿಯಿಂದ ಕೂಗುತ್ತಿದ್ದರು:

“ಬೀಗ್ತೇರು ಬಂದ್ರು! ಬಾಗ್ಲಾ ಎರಡೂ ತಗೀರಿ. ಮೊದ್ಲ ಬಾಯಿ ಒಳಗ ಬರ್ಲಿ, ಹಿಂದ ಅವರು ಬರ್ತಾರ.”

“ತಗೀರಿ ತಗೀರಿ. ನಿಮ್ಮ ಚಹಾದಾಗ ಸಕ್ರಿ ಹುಡುಕ್ಲಿಕ್ಕ ಬೆಳಕು ಬೇಕಾಗ್ತದ.”

ಮಗಳು ಒಮ್ಮೆ ಹೇಳಿದ್ದಳು, ಮಾವನ ಎದುರಿಗೆ ಆ ಮನೆಯಲ್ಲಿ ಯಾರೂ ಎತ್ತರದ ದನಿಯಲ್ಲಿ ಮಾತಾಡುವುದಿಲ್ಲ, ನಾನು ಬಂದು ಹೋದ ಮೇಲೆ ಮಾತ್ರ ಎರಡು ದಿನ ಮನೆ ಹಗುರಾಗಿರುತ್ತದೆ, ಆಕೆಯೂ ಆ ಎರಡು ದಿನ ಬೇಕಾದ್ದನ್ನು ಕೇಳಿ ಪಡೆದುಕೊಳ್ಳುತ್ತಾಳೆ ಎಂದು. ಆ ಕಾಡಿಸುವ ಮಾತಿನ ಮೇಲೆ ನನ್ನ ಮಗಳು ನಿಂತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸ ಇದು.

ಹೋದ ಚಳಿಗಾಲ ಚಿತ್ತಾಪುರದ ಕಡೆಯ ಕೆಲವು ಹುಡುಗರು ಮನೆಗೆ ಬಂದರು. ಪಂದ್ಯ ಇಟ್ಟಿದ್ದಾರಂತೆ, ಕೊನೆಯ ದಿನ ನಮ್ಮ ಭಾಗದ ಹಳೆಯ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡ ಬೌಲರ್‌ಗೆ ಶಾಲು ಹೊದಿಸುತ್ತಾರಂತೆ. ಮಂದಿಯ ಬಾಯಲ್ಲಿ ಎರಡೇ ಹೆಸರು ಬರುತ್ತಿದ್ದವು, ಎರಡೂ ನಮ್ಮವರದು.

“ಆಯಿ, ಇಬ್ರೂ ನಿಮ್ಮವ್ರೇ. ನೀವು ಹೇಳಿದ್ದೇ ಕೊನೀ ಮಾತು” ಎಂದ ಒಬ್ಬ. ಇನ್ನೊಬ್ಬ ಫೋನು ಎತ್ತಿ ಹಿಡಿದ.

ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದೆ. ಫೋನು ಎಂದರೆ ಏನೆಂದು ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಊಟವಾದ ಮೇಲೆ ದಿನಾ ಅದನ್ನೇ ನೋಡುವವಳು ನಾನು. ಒಬ್ಬರ ಮಾತು ಹೇಗೆ ಊರು ಸುತ್ತುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೆ ಹುಡುಗರು ಮೊದಲ ಮಾತಿಗೇ ನಕ್ಕರು. ಅವರು ನಕ್ಕಷ್ಟೂ ನನ್ನ ಬಾಯಿ ಉದ್ದವಾಯಿತು.

“ನನ್ ತಮ್ಮ. ಮತ್ಯಾರು? ಮೂವತ್ತು ವರ್ಷ ಹಾಕ್ಯಾನ. ಮಳಿ ಇರ್ಲಿ, ಬಿಸ್ಲಿರ್ಲಿ, ಕರದಲ್ಲಿ ಹೋಗ್ಯಾನ. ಬೀಗರು ಎರಡು ಚಳಿಗಾಲ ಹಾಕ್ಯಾರ. ಎರಡು ಚಳಿಗಾಲ ಏನ್ರಪಾ, ನನ್ನ ನೆಗಡೀನೂ ಅಷ್ಟು ದಿನ ಇರ್ತದ.”

ನಕ್ಕರು.

“ಅದೂ ಎಲ್ಲಿ ಹಾಕಿದ್ರು? ನಮ್ ಶಾಬಾದ್ ಫರ್ಸಿ ಮ್ಯಾಲ.”

ಇದು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಶಹಾಬಾದಿನ ಮೈದಾನದ ಕರಿಮಣ್ಣು ಚಳಿಗಾಲಕ್ಕೆ ಬಾಯಿ ಬಿಡುತ್ತದೆ. ಚೆಂಡು ಬಿರುಕಿಗೆ ಬಿದ್ದರೆ ಎತ್ತಲೋ ಹೋಗುತ್ತದೆ. ಅದಕ್ಕೆ ಆಗಿನವರು ನಡುವೆ ಫರ್ಸಿ ಹಾಸಿದ್ದರು, ಮನೆಗಳಿಗೆ ಹಾಸುವ ಅದೇ ಚಪ್ಪಟೆ ಕಲ್ಲು. ಟೆನಿಸ್ ಬಾಲು ಅದರ ಮೇಲೆ ಬಿದ್ದರೆ ಮೇಲೇಳದೆ ಜಾರಿಕೊಂಡು ನುಗ್ಗುತ್ತದೆ. ಆ ಕಲ್ಲನ್ನು ನಾನು ಮದುವೆಗೆ ಮುಂಚೆ ತಲೆಯ ಮೇಲೆ ಹೊತ್ತವಳು. ಬೆರಳಿಂದ ಸವರಿದರೆ ಯಾವುದು ಒರಟು, ಯಾವುದು ನುಣುಪು ಎಂದು ಹೇಳಬಲ್ಲೆ. ಅದೇ ಸೊಕ್ಕಿನಿಂದ ಹೇಳಿದೆ:

“ನುಣ್ಣನ ಕಲ್ಲು. ಅದ್ರ ಮ್ಯಾಲ ಬದ್ನಿಕಾಯಿ ಒಗದ್ರೂ ಜೋರು ಹೋಗ್ತದ. ಕಲ್ಲಿನ ಆಟ ಅದು, ಕೈಯಾಟ ಅಲ್ಲ. ಮಂದಿ ಹೊಡ್ಯಾಕ ಕಲ್ತ್ರು, ಇವರು ಅಂಜಿ ಬಿಟ್ಟು ಅಂಗಡ್ಯಾಗ ಕುಂತ್ರು.”

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವರಿಗೆ ಚಹಾ ಮಾಡಿಕೊಟ್ಟೆ.

ಮಾರನೆಯ ದಿನದಿಂದ ನನ್ನ ಮಾತು ಎಲ್ಲರ ಫೋನಿನಲ್ಲಿ. ಸೇಡಂ ಸಂತೆಗೆ ಹೋದರೆ ತರಕಾರಿ ಮಾರುವವಳು “ಬದ್ನಿಕಾಯಿ ಬೇಕೇನು ಆಯಿ, ಒಗ್ಯಾಕ?” ಎಂದಳು. ಬಸ್ಸಿನಲ್ಲಿ ಗುರುತಿಲ್ಲದವರು “ನೆಗಡಿ ಹೋಯ್ತೇನ್ರಿ?” ಎಂದು ಕೇಳಿದರು. ನನಗೆ ಭಾಳ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ಖುಷಿಯಾಯಿತು. ಇಷ್ಟು ವರ್ಷ ಎರಡು ಮನೆಗಳೊಳಗೆ ಕೊಳೆತ ವಾದದಲ್ಲಿ ಕಡೆಗೂ ನಾನೇ ಗೆದ್ದೆ ಎಂದುಕೊಂಡು ಆ ವಾರ ಊಟ ಚೆನ್ನಾಗಿ ಮಾಡಿದೆ.

ಮಗಳ ಫೋನು ಬಂತು. ಎತ್ತಿದ ಕೂಡಲೇ ಕೇಳಿದಳು.

“ಯವ್ವಾ, ಒಂದು ಕೇಳ್ತೀನಿ. ಆ ಫರ್ಸಿ ಮ್ಯಾಲ ನಮ್ಮಾವ ಒಬ್ರೇ ಹಾಕ್ಯಾರೇನು? ಮಾಮಾನೂ ಹಾಕ್ಯಾನಲ್ಲ? ಮಾಮಾನ ಬಾಲ್ ಯಾಕ ಹಂಗ ಹೋಗ್ಲಿಲ್ಲ?”

ಕಲ್ಲು ಹೊತ್ತವಳಿಗೆ ಕಲ್ಲೇ ಕಂಡಿತ್ತು. ಒಂದೇ ಕಲ್ಲಿನ ಮೇಲೆ ಎರಡೂ ಕಡೆಯವರು ಬಾಲ್ ಹಾಕುತ್ತಾರೆ ಎನ್ನುವ ಚಿಕ್ಕ ಮಾತು, ಶಾಲೆಯ ಹುಡುಗನಿಗೂ ಹೊಳೆಯುವಂಥದ್ದು, ನನ್ನ ತಲೆಗೆ ಬಂದಿರಲಿಲ್ಲ.

“ಹೋಗ್ಲಿ ಬಿಡು, ಚೇಷ್ಟಿಗಿ ಅಂದದ್ದು” ಎಂದೆ.

“ಚೇಷ್ಟಿ ಮನ್ಯಾಗ ಮಾಡ್ಬೇಕು. ಅಂಜಿ ಬಿಟ್ರು ಅಂದಿಯಲ್ಲ, ಯಾಕ ಬಿಟ್ರು ಗೊತ್ತದೇನು ನಿನ್ಗ?”

“ಯಾಕ?”

ಆಕೆ ದನಿ ಇಳಿಸಿದಳು. “ಅವರ ಬಲಗೈ ತಾನಾಗೇ ಮ್ಯಾಲ ಏಳಂಗಿಲ್ಲ. ಎರಡನೇ ಚಳಿಗಾಲದಾಗ ಭುಜದ ಕೀಲು ಹೋಗ್ಯದ. ಅಂಗಿ ಇವತ್ತಿಗೂ ಅತ್ತಿ ಹಾಕ್ತಾರ, ತಲೀ ಅತ್ತಿ ಬಾಚ್ತಾರ. ಹೊರಗ ಯಾರಿಗೂ ಹೇಳಿಲ್ಲ. ಕೈ ಹೋಗ್ಯದ ಅಂತ ಮಂದಿ ಅಯ್ಯೋ ಅನ್ನಾದಕ್ಕಿಂತ, ತಾನಾಗೇ ಬಿಟ್ಟಾನ ಅನ್ಲಿ ಅಂತ.”

“ನಿನ್ಗ ಯಾವಾಗ ಗೊತ್ತಾತು?”

“ಲಗ್ನಾದ ವರ್ಷ.”

“ನನ್ಗ್ಯಾಕ ಹೇಳ್ಲಿಲ್ಲ?”

“ನಿನ್ಗ ಹೇಳಿದ್ರ ಚಿಂಚೋಳಿ ಬಸ್‌ಸ್ಟ್ಯಾಂಡಿನಾಗ ಮೈಕ್ ಹಚ್ಚಿ ಹೇಳ್ದಂಗ.”

ಫೋನು ಇಟ್ಟ ಮೇಲೆ ಕಟ್ಟೆಯ ಮೇಲೆ ಕೂತೆ. ಆ ಮನುಷ್ಯ ಅಂಗಡಿಯಲ್ಲಿ ಎಡಗೈಯಿಂದ ಬೇಳೆ ತೂಗುವುದನ್ನು ಎಷ್ಟೋ ಸಲ ನೋಡಿದ್ದೆ. ಮೇಲಿನ ಸಾಲಿನ ಡಬ್ಬಿ ಬೇಕಾದರೆ ಮಗನನ್ನೋ ಸೊಸೆಯನ್ನೋ ಕರೆಯುವುದನ್ನು ನೋಡಿದ್ದೆ. ಸೋಮಾರಿ ಎಂದು ಕಾಡಿಸಿದ್ದೆ ಕೂಡ. ಅವರು “ದೊಡ್ಡವ್ರು ಕೈ ಎತ್ತಬಾರ್ದ್ರಿ, ಬರೇ ಹೇಳ್ಬೇಕು” ಎಂದು ನಕ್ಕಿದ್ದರು.

ಎರಡು ದಿನ ಬಿಟ್ಟು ತಮ್ಮ ಬಂದ. ವಾಡಿಯಿಂದ ಪ್ಯಾಸೆಂಜರ್ ಹಿಡಿದು ಕುರಕುಂಟಾಕ್ಕೆ ಇಳಿದು, ಸ್ಟೇಷನ್ನಿನಿಂದ ನಡೆದುಕೊಂಡೇ ಬಂದಿದ್ದ. ಶಾಲು ತನಗೆ ಎಂದು ಹುಡುಗರು ಹೇಳಿದ್ದಾರೆ, ಖುಷಿ ಹೇಳಲು ಬಂದಿದ್ದಾನೆ ಎಂದುಕೊಂಡೆ. ಚರಿಗೆಯಲ್ಲಿ ನೀರು ಕೊಟ್ಟೆ. ಹಿಡಿದುಕೊಂಡ, ಕುಡಿಯಲಿಲ್ಲ.

“ಅಕ್ಕಾ, ನಿನ್ಗ ಯಾರು ಹೇಳಂದ್ರು?”

“ಮನೀತನಕ ಬಂದು ಕೇಳ್ಯಾರ, ಹೇಳೀನಿ. ನಿನ್ನ ಕಡೀನೇ ಹೇಳೀನಲ್ಲೋ.”

“ಅದಕ್ಕೇ ನಾಚ್ಕಿ ನನ್ಗ. ಬೈದಿದ್ರ ತಲಿ ಎತ್ಕೊಂಡು ಅಡ್ಡಾಡ್ತಿದ್ದೆ.”

“ಮೂವತ್ತು ವರ್ಷ ಹಾಕಿದ್ದು ಸುಳ್ಳೇನು?”

“ಮೂವತ್ತು ವರ್ಷ ನನ್ನ ಯಾಕ ಆಡಿಸ್ಯಾರ ಗೊತ್ತೇನು? ನಾ ಇದ್ರ ಗೆಲ್ತೀವಿ ಅಂತಲ್ಲ. ನಾ ಇದ್ರ ಭಾಳ ಸೋಲಂಗಿಲ್ಲ ಅಂತ. ಬೀಗರು ಬಾಲ್ ಕೈಯಾಗ ಹಿಡದ್ರ ಮಂದಿ ಚಹಾದಂಗಡಿ ಬಿಟ್ಟು ಓಡಿ ಬರ್ತಿದ್ರು. ನಾ ಹಿಡದ್ರ ಚಹಾ ಕುಡ್ಯಾಕ ಹೋಗ್ತಿದ್ರು.”

ನನಗೆ ನಗು ಬಂತು. ಅವನು ನಗಲಿಲ್ಲ.

“ಅವರು ಅಂಜಿ ಬಿಟ್ರು ಅಂದಿ. ಅಂಜಿದಾಂವ ಯಾರು? ಎಳ್ಳಮಾಸಿ ಮರುದಿನ ನೀ ಭಜ್ಜಿ, ಕಡಬು ಕಟ್ಕೊಂಡು ಮೈದಾನಕ್ಕ ಬಂದಿದ್ದಿ. ನೀ ನೋಡಿಲ್ಲೇನು?”

ನೋಡಿದ್ದೆ. ಆಗ ಬೀಗರು ಬೀಗರಾಗಿರಲಿಲ್ಲ, ಚಿಂಚೋಳಿಯ ಕಡೆಯ ಯಾರೋ ಒಬ್ಬ ಹುಡುಗ. ನಾನು ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆಂದು ತವರಿಗೆ ಬಂದಿದ್ದೆ, ಹೊಲದಲ್ಲಿ ಉಂಡು ಉಳಿದದ್ದನ್ನು ಮಾರನೆಯ ದಿನ ತಮ್ಮನಿಗೆ ಒಯ್ದಿದ್ದೆ. ತಮ್ಮ ಬ್ಯಾಟು ಹಿಡಿದು ನಿಂತಿದ್ದ. ಆ ಹುಡುಗ ದೂರದಿಂದ ಓಡಿ ಬಂದ. ಓಡಿದ ಹಾಗೂ ಇರಲಿಲ್ಲ, ಯಾರೋ ಹಿಂದಿನಿಂದ ತಳ್ಳಿದ ಹಾಗಿತ್ತು. ಕೈ ತಿರುಗಿದ್ದು ಕಂಡಿತು. ಚೆಂಡು ಕಾಣಲಿಲ್ಲ. ಕಲ್ಲಿನ ಮೇಲೆ ಚಟ್ ಎಂದು ಸದ್ದಾಯಿತು, ಹಿಂದೆ ಸ್ಟಂಪಿಗೆಂದು ನೆಟ್ಟ ಕಟ್ಟಿಗೆ ಬಿದ್ದಿತ್ತು. ಅದಕ್ಕೆ ಮುಂಚೆಯೇ ನನ್ನ ತಮ್ಮ ಕಟ್ಟಿಗೆ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದ. ಮಂದಿ ಹೋ ಎಂದರು. ಅವನ ಮುಖ ನೋಡಲಾರದೆ ನಾನು ಬುತ್ತಿಯ ಗಂಟು ಬಿಚ್ಚುತ್ತಾ ಕೂತೆ. ಅವನು ಬಂದು ಉಂಡ, ನಾನು ಆಟದ ಮಾತು ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ. ಆ ಹುಡುಗನ ಮನೆಗೇ ನನ್ನ ಮಗಳು ಸೊಸೆಯಾಗಿ ಹೋದಾಗಲೂ ತೆಗೆಯಲಿಲ್ಲ. ಅಷ್ಟು ವರ್ಷ ವಾದ ಮಾಡಿದೆನಲ್ಲ, ಕಣ್ಣಲ್ಲಿ ಅದನ್ನು ಇಟ್ಟುಕೊಂಡೇ ವಾದ ಮಾಡಿದೆ.

“ಶಾಲು ನನ್ಗ ಬ್ಯಾಡ. ನಾ ಬರಂಗಿಲ್ಲ” ಎಂದ ತಮ್ಮ. ಆಮೇಲೆ ನೀರು ಕುಡಿದ. ಊಟಕ್ಕೆ ನಿಲ್ಲಲಿಲ್ಲ.

ಬೀಗರನ್ನು ಹುಡುಗರು ಅತಿಥಿ ಎಂದು ಕರೆದಿದ್ದರು. ಅವರು ಹೋಗುವುದಿಲ್ಲ ಎಂದುಕೊಂಡಿದ್ದೆ. ಮಗಳು ಹೇಳಿದಳು, “ಹೊಂಟಾರ. ಹೋಗ್ಲಿಲ್ಲಂದ್ರ ಅಂಜ್ಯಾರ ಅಂತೀರಲ್ಲ ನೀವು.” ‘ನೀವು’ ಎಂದಳು. ನನಗೆ ಹಾಗೆ ಎಂದೂ ಅಂದವಳಲ್ಲ.

ನಾನೂ ಚಿತ್ತಾಪುರಕ್ಕೆ ಹೋದೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ. ಹೆಂಗಸರ ಕಡೆ ಕುರ್ಚಿ ತುಂಬಿದ್ದವು, ಗಂಡಸರ ಕಡೆಯ ತುದಿಯ ಒಂದು ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಬಿಳಿ ಗಡ್ಡದ ಒಬ್ಬ ಚಾಚಾ. ಹಿಂದೆ ಈ ಭಾಗದ ಪಂದ್ಯಗಳಿಗೆಲ್ಲ ಅವರೇ ಅಂಪೈರ್ ಆಗಿದ್ದರಂತೆ. ವೇದಿಕೆಯ ಮೇಲೆ ಕೂತ ಬೀಗರನ್ನು ತೋರಿಸಿ ತಾವಾಗಿಯೇ ಮಾತು ತೆಗೆದರು.

“ಆ ಸಾಹೇಬ್ರ ಬಾಲಿಗಿ ನಾ ವೈಡ್ ಕೊಡ್ತಿದ್ನಲ್ಲ ಅವ್ವಾ, ನೋಡಿ ಕೊಟ್ಟಿಲ್ಲ. ಆವಾಜ್ ಕೇಳಿ ಕೊಟ್ಟೀನಿ. ಅವರು ಎರಡು ವರ್ಷ ಮಾಡಿದ್ದು ಇನ್ನೊಬ್ಬಾಂವ ಎರಡು ಜನ್ಮ ತಗೊಂಡ್ರೂ ಆಗಂಗಿಲ್ಲ. ಕಲ್ಲಿನ ಆಟ ಅಂತ ಯಾವಾಕಿನೋ ಮುದುಕಿ ಫೋನಿನ್ಯಾಗ ಬೊಗಳ್ಯಾಳಂತ. ಅಕಲ್ ಬೇಕಲ್ಲ?”

“ಹೌದ್ರಿ, ಬೇಕು” ಎಂದೆ. ಸೆರಗು ಹಣೆಯ ತನಕ ಎಳೆದುಕೊಂಡೆ.

ಮೈಕಿನ ಹುಡುಗ ಹುರುಪಿನಲ್ಲಿದ್ದ. ಬೀಗರ ಕಡೆ ತಿರುಗಿ ಕೂಗಿದ. “ಸಾಹೇಬ್ರ, ನಮ್ ಹುಡುಗ್ರ ಆಸೆ ಅದ, ಒಂದೇ ಒಂದು ಬಾಲ್ ಹಾಕಿ ತೋರಸ್ರಿ!” ಮೈದಾನವೆಲ್ಲ ಚಪ್ಪಾಳೆ. “ಒಂದ್ ಬಾಲ್, ಒಂದ್ ಬಾಲ್” ಎಂದು ಹುಡುಗರು ಒದರಿದರು. ಹಿಂದಿನಿಂದ ಯಾರೋ “ಬದ್ನಿಕಾಯಿ ಕೊಡ್ರೋ” ಎಂದ, ಅತ್ತ ಕಡೆಯವರೆಲ್ಲ ನಕ್ಕರು.

ಬೀಗರು ಎದ್ದರು. ಮೈಕನ್ನು ಎಡಗೈಯಲ್ಲಿ ಹಿಡಿದರು. ಈಗ ಹೇಳುತ್ತಾರೆ, ಕೈಯ ವಿಷಯ ಹೇಳಿಬಿಡುತ್ತಾರೆ, ಹೇಳಲಿ, ನನ್ನ ಮುಖದ ಮೇಲೆ ಮಣ್ಣು ಬೀಳಲಿ ಎಂದುಕೊಂಡೆ.

“ಇಲ್ಲಪಾ,” ಎಂದರು ನಗುತ್ತಾ. “ಅಂಜಿಕಿ ಬರ್ತದ.”

ಜನ ಇನ್ನೂ ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ, ತಮಾಷೆಯ ಮನುಷ್ಯ ಎಂದು ಚಪ್ಪಾಳೆ ಹೊಡೆದರು. ಚಾಚಾ ಮಾತ್ರ ತಲೆ ಅಲ್ಲಾಡಿಸಿ “ಇದೇನ್ರಿ ಇದು” ಎಂದರು. ನಾನು ಅಂದ ಮಾತನ್ನೇ ಅವರು ಎಲ್ಲರೆದುರಿಗೆ ಎತ್ತಿಕೊಂಡು ತಮ್ಮ ಮೈಗೆ ಹಾಕಿಕೊಂಡಿದ್ದರು. ಕೈ ಹೋದದ್ದು ಹೊರಗೆ ಬರುವುದಕ್ಕಿಂತ ಅದೇ ಲೇಸೆಂದು. ಎದ್ದು ನಿಂತು ನಾನು ಸುಳ್ಳು ಹೇಳಿದೆ ಎಂದು ಕೂಗಬಹುದಿತ್ತು. ಹಾಗಾದರೆ ಖರೆ ಏನು ಎಂದು ಹುಡುಗರು ಕೇಳುತ್ತಿದ್ದರು. ಖರೆ ಹೇಳಿದರೆ ಅವರು ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾನೇ ಬೀದಿಗೆ ಎಳೆದ ಹಾಗೆ. ಹೇಳದಿದ್ದರೆ ಅಂಜಿದವರು ಎಂಬ ಮಾತು ನಿಲ್ಲುತ್ತದೆ. ಎರಡೂ ಕಡೆ ದಾರಿ ಇರಲಿಲ್ಲ, ಎರಡನ್ನೂ ಮುಚ್ಚಿದವಳು ನಾನೇ.

ಅಷ್ಟರಲ್ಲಿ ತಮ್ಮನ ಹೆಸರು ಕರೆದರು. ಬಂದಿಲ್ಲ ಎಂದು ತಿಳಿಯಿತು. ಯಾರೋ ನನ್ನನ್ನು ಗುರುತು ಹಿಡಿದು “ಅವರಕ್ಕ ಇಲ್ಲೇ ಅದಾರ!” ಎಂದು ಕೂಗಿದರು. ಚಾಚಾ ನನ್ನ ಕಡೆ ನೋಡಿದರು. ಕುರ್ಚಿ ಸ್ವಲ್ಪ ಸರಿಸಿ ದಾರಿ ಬಿಟ್ಟರು. ಹುಡುಗರು ಬಂದು ಎರಡೂ ಕೈ ಹಿಡಿದು ವೇದಿಕೆಗೆ ಕರೆದೊಯ್ದರು. ಶಾಲು ಹೊದಿಸುವ ಅತಿಥಿ ಬೀಗರೇ.

ಶಾಲು ಹೊದಿಸುವವರು ಅದನ್ನು ಬಿಡಿಸಿ, ಎರಡೂ ಕೈ ಎತ್ತಿ, ಬೆನ್ನಿನ ಹಿಂದಿನಿಂದ ತಂದು ಹೆಗಲಿಗೆ ಇಡುತ್ತಾರೆ. ಬೀಗರು ಮಡಚಿದ ಹಾಗೆಯೇ ಹಿಡಿದು ನನ್ನ ಕೈಯಲ್ಲಿ ಇಟ್ಟರು. ಹೆಂಗಸರಿಗೆ ಪರಪುರುಷರು ಶಾಲು ಹೊದಿಸಬಾರದೆಂಬ ಮರ್ಯಾದೆ ಎಂದು ಜನ ತಿಳಿದರು, ಅದಕ್ಕೂ ಚಪ್ಪಾಳೆ ಬಿತ್ತು. ಬೀಗರು ಬಲಗೈಯನ್ನು ಎಡಗೈಯ ಮೇಲೆ ಇಟ್ಟುಕೊಂಡು ನಿಂತಿದ್ದರು. ನಾನು ಮುಖ ಎತ್ತಲಿಲ್ಲ. ನಾಲ್ಕು ಮಾತಾಡ್ರಿ ಎಂದು ಹುಡುಗ ಮೈಕು ಮುಂದೆ ಹಿಡಿದ. ಆಡಲಿಲ್ಲ. ಆಯಿಗೆ ಭಾಳ ಸಂತೋಷವಾಗಿ ಮಾತು ಬರುತ್ತಿಲ್ಲ ಎಂದು ಅವನೇ ಹೇಳಿಕೊಂಡ.

ಆ ಶಾಲನ್ನು ಮನೆಗೆ ತಂದು ಗೂಟಕ್ಕೆ ಹಾಕಿದೆ. ತಮ್ಮ ಫೋನಿನಲ್ಲಿ ಬೇಡ ಎಂದ. ದಿನವೂ ಅದನ್ನು ನೋಡುತ್ತಾ ಅದೇ ಪ್ರಶ್ನೆ ಹಾಕಿಕೊಂಡೆ, ಯಾರು ದೊಡ್ಡವರು? ನಮ್ಮ ಗಣಿಯಲ್ಲಿ ಒಬ್ಬನಿದ್ದ, ಕಲ್ಲಿನ ಮೇಲೆ ಕಿವಿ ಇಟ್ಟು ಒಂದು ಕಡೆ ಉಳಿ ಹಿಡಿದು ಹೊಡೆದರೆ ಕೋಣೆಯಗಲದ ಪದರು ಹಪ್ಪಳದ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಕೆಲವೇ ವರ್ಷ. ಆಮೇಲೆ ಧೂಳು ಎದೆಗೆ ಹೋಗಿ ಮಲಗಿದ. ನಮ್ಮಪ್ಪ ಚಿಕ್ಕ ಚಿಕ್ಕ ಕಲ್ಲು ಬಿಡಿಸುತ್ತಾ ಮುದುಕನಾದ. ಶಹಾಬಾದಿನ ಎಷ್ಟೋ ಮನೆಯಲ್ಲಿ ಮಂದಿ ಇವತ್ತಿಗೂ ಅಪ್ಪನ ಕಲ್ಲಿನ ಮೇಲೆ ಕೂತು ಉಣ್ಣುತ್ತಾರೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಮೊದಲಿನವನ ಹೆಸರು ಗಣಿಯಲ್ಲಿ ಈಗಲೂ ಹೇಳುತ್ತಾರೆ. ನಾನು ಅಪ್ಪನ ಮಗಳು. ತಮ್ಮನ ಪರವಾಗಿ ಒದರಿದ್ದು ಅಪ್ಪನ ಪರವಾಗಿಯೂ ಇರಬೇಕು. ದಿನಾ ಬರುವವನ ಕೈಗೆ ಚೆಂಡು ಕೊಟ್ಟು ಮಂದಿ ನಿಶ್ಚಿಂತೆಯಿಂದ ಚಹಾಕ್ಕೆ ಹೋಗುತ್ತಾರಲ್ಲ, ಅದೂ ಸಣ್ಣ ಮಾತಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೆ ಅದನ್ನು ದೊಡ್ಡದು ಮಾಡಲು ಇನ್ನೊಬ್ಬರ ಕೈಯನ್ನು ಬದನೆಕಾಯಿ ಮಾಡಬೇಕಿರಲಿಲ್ಲ. ಆ ಕೈ ಎರಡು ಚಳಿಗಾಲದಲ್ಲಿ ಉಳಿದ ಆಯುಷ್ಯದ್ದೆಲ್ಲ ಖರ್ಚು ಮಾಡಿಬಿಟ್ಟಿತ್ತು. ಅದನ್ನು ಮೂವತ್ತು ವರ್ಷದ ಪಕ್ಕ ಇಟ್ಟು ಹೇಗೆ ಅಳೆಯುವುದು, ನನಗೆ ಗೊತ್ತಿಲ್ಲ. ಟಿವಿಯಲ್ಲಿ ಕೋಟು ಹಾಕಿಕೊಂಡವರು ದಿನಾ ಅಳೆಯುತ್ತಾರೆ. ಅವರಿಗೆ ಗೊತ್ತಿರಬಹುದು.

ಸಂಕ್ರಾಂತಿ ಕಳೆದ ಮೇಲೆ ಚಂದಾಪುರಕ್ಕೆ ಹೊರಟೆ. ಚೀಲದಲ್ಲಿ ಶಾಲು, ಬೀಗತಿಗೆ ಒಂದು ಕುಪ್ಪಸದ ಬಟ್ಟೆ. ಸೇಡಮ್ಮಿನಿಂದ ಚಿಂಚೋಳಿ ಬಸ್ಸು. ದಾರಿಯುದ್ದಕ್ಕೂ ನಾನು ಒಂದನ್ನೇ ಬೇಡಿಕೊಂಡೆ: ಹೊಸ್ತಿಲಲ್ಲಿ ಏನಾದರೂ ಅನ್ನಲಿ. ಎಷ್ಟು ಕೆಟ್ಟದ್ದಾದರೂ ಸರಿ, ಅನ್ನಲಿ.

ಬೀಗರು ಅಂಗಡಿಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

“ಬರ್ರಿ. ಕುಂದ್ರಿ. ಬಸ್ಸು ತ್ರಾಸ್ ಆಗ್ಲಿಲ್ಲಲ್ಲ?”

ಅಷ್ಟೇ. ಒಳಗೆ ಕರೆದೊಯ್ದು ಕುರ್ಚಿ ಹಾಕಿಸಿದರು. ಕುರ್ಚಿ! ಆ ಮನೆಯಲ್ಲಿ ನಾನು ಯಾವಾಗಲೂ ಅಡುಗೆ ಮನೆಯ ಬಾಗಿಲಲ್ಲಿ ನೆಲಕ್ಕೆ ಕೂರುವವಳು. ಮಗಳು ಚಹಾ ತಂದಳು. ನಾನು ಒಂದು ಗುಟುಕು ಕುಡಿದು ಬೇಕೆಂದೇ ಮುಖ ಕಿವುಚಿದೆ.

“ಇದು ಚಹಾನೋ, ಬೋಗಾಣಿ ತೊಳ್ದ ನೀರೋ?”

“ಹೌದ್ರಿ, ಜರಾ ತಿಳಿ ಆಗ್ಯದ,” ಎಂದರು ಬೀಗರು. “ಇನ್ನೊಂದು ಕಪ್ ಮಾಡವ್ವ. ಪುಡಿ ಜಾಸ್ತಿ ಹಾಕು.”

ಮಗಳು ನನ್ನನ್ನು ನೋಡಿದಳು, ಮಾವನನ್ನು ನೋಡಿದಳು, ಒಳಗೆ ಹೋದಳು.

ನಾನು ಬಿಡಲಿಲ್ಲ. “ಅಂಗಡಿ ಖಾಲಿ ಖಾಲಿ ಕಾಣ್ತದಲ್ಲ. ತೂಕದಾಗ ಹೊಡ್ಯಾದು ಮಂದಿಗಿ ಗೊತ್ತಾಗ್ಯದೇನು?”

ಒಂದು ಕಾಲಕ್ಕೆ ಇಂಥ ಮಾತಿಗೆ ಹತ್ತು ಮಾತು ವಾಪಸು ಬರುತ್ತಿದ್ದವು. “ಈಗ ದೊಡ್ಡ ದುಕಾನ ಭಾಳ ಆಗ್ಯಾವ್ರಿ,” ಎಂದರು. “ವ್ಯಾಪಾರ ಕಮ್ಮಿ ಅದ.”

ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಸಿಟ್ಟಿದ್ದರೆ ನಾನು ಅದರ ಜೊತೆ ಜಗಳ ಮಾಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ತೋರುವ ಮರ್ಯಾದೆ ಇತ್ತು. ಬೀಗತಿ ಕುಪ್ಪಸದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಇಬ್ಬರೇ ಉಳಿದೆವು. ಚೀಲದಿಂದ ಶಾಲು ತೆಗೆದು ಅವರ ಮುಂದೆ ಇಟ್ಟೆ.

“ಇದು ನಿಮ್ಮದ್ರಿ. ನನ್ ತಮ್ಮನೂ ಅದೇ ಅಂದ.”

“ಕೊಟ್ಟೋರು ಅವರಿಗಿ ಕೊಟ್ಟಾರ. ನಾ ಹ್ಯಾಂಗ ತಗೊಳ್ಲಿ?”

“ತಪ್ಪು ಮಾತಾಡೀನಿ.”

“ಇರ್ಲಿ ಬಿಡ್ರಿ. ನೀವು ಆಟ ನೋಡಿದವ್ರಲ್ಲ. ಮಂದಿ ಅಂದದ್ದು ಕೇಳಿ ಅಂದೀರಿ. ನನ್ಗೇನೂ ಇಲ್ಲ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವರು ನನಗೆ ಒಂದು ದಾರಿ ಬಿಟ್ಟುಕೊಟ್ಟಿದ್ದರು, ತಿಳಿಯದ ಮುದುಕಿ ಏನೋ ಅಂದಳು ಎನ್ನುವ ದಾರಿ. ಆದರೆ ಅವರ ಹಿರಿಮೆಯನ್ನು ಒಪ್ಪಿ ಹೇಳಿದರೆ ಮುಖ ಅರಳೀತು, ಒಂದಾದರೂ ಕೊಂಕು ಮಾತು ಬಂದೀತು ಎಂಬ ಆಸೆ.

“ನೋಡೀನ್ರಿ,” ಎಂದೆ. “ಶಾಬಾದಿನ್ಯಾಗ ನಿಮ್ ಆಟ ನಾ ಕಣ್ಣಾರೆ ನೋಡೀನಿ. ಎಳ್ಳಮಾಸಿ ಮರುದಿನ ತಮ್ಮಗ ಬುತ್ತಿ ತಗೊಂಡು ಹೋಗಿದ್ದೆ. ನಿಮ್ ಬಾಲಿಗಿ ಅಂವ ಅಂಜಿ ಸರದು ನಿಂತದ್ದು ನೋಡೀನಿ. ಅಂಥ ಬಾಲ್ ನಾ ಮತ್ತ ನೋಡೇ ಇಲ್ಲ. ಯಾರ ಕೈಯಾಗೂ ನೋಡಿಲ್ಲ.”

ಬೀಗರು ನನ್ನ ಮುಖವನ್ನೇ ನೋಡಿದರು.

“ಅಂವ ಸರದು ನಿಂತದ್ದು ನನ್ಗ ಗೊತ್ತದ,” ಎಂದರು. “ನೀವು ಅಲ್ಲಿದ್ರಿ ಅನ್ನೋದು ಗೊತ್ತಿರ್ಲಿಲ್ಲ.”

ನಾನು ತಲೆ ತಗ್ಗಿಸಿದೆ.

“ನೋಡಿಲ್ಲ, ಅದಕ್ಕ ಅಂದಾರ ಅಂತ ತಿಳ್ಕೊಂಡಿದ್ದೆ,” ಎಂದರು. ದನಿ ಏರಲಿಲ್ಲ. ಹೊಸ ಚಹಾ ತಂದ ಮಗಳು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಎಂದು ಆಕೆ ಕಪ್ಪು ಇಟ್ಟ ರೀತಿಯಿಂದಲೇ ತಿಳಿಯಿತು.

ಬೀಗರು ಎದ್ದರು. “ಊಟಕ್ಕ ಏಳ್ರಿ. ಹೊತ್ತಾಗ್ಯದ.”

ನನಗೆ ಮಣೆ ಹಾಕಿದರು. ಅವರು ಎದುರಿಗೆ ಕೂತರು, ಎಡಗೈಯಿಂದ ಬಲಗೈಯನ್ನು ತಟ್ಟೆಯ ಹತ್ತಿರ ತಂದುಕೊಂಡರು. ನನ್ನ ಎದುರಿಗೆ ಹಾಗೆ ಮಾಡಿದ್ದು ಅದೇ ಮೊದಲು. ಇನ್ನು ನನ್ನಿಂದ ಮುಚ್ಚಿಡುವುದು ಏನೂ ಉಳಿದಿರಲಿಲ್ಲವೋ, ನಾನು ನೋಡಿದರೆಷ್ಟು ಬಿಟ್ಟರೆಷ್ಟು ಎಂದಾಗಿತ್ತೋ. ಊಟ ಮುಗಿಯುವ ಹೊತ್ತಿಗೆ ಬೀಗರು ಮಗಳಿಗೆ ಹೇಳಿದರು.

“ಅವರಿಗಿ ಇನ್ನೊಂದು ರೊಟ್ಟಿ ಹಾಕವ್ವ.”

ಮಗಳು ಹಾಕಿದಳು. ನನಗೆ ಸಾಕಾಗಿತ್ತು. ತಿಂದೆ.